ಶಿವವ್ವನ ತತ್ತಿ ಯಾವುದು?

ಶಿವವ್ವ ತವರಿಗೆ ಹೋದದ್ದು ಒಂದು ತತ್ತಿಯ ಸಲುವಾಗಿ. ಹಳಿಯಾಳದ ಪೇಟೆಯಲ್ಲಿ ಮೊದಲು ಯಾರೂ ಇದನ್ನು ನಂಬಲಿಲ್ಲ. ಆಮೇಲೆ ಎಲ್ಲರೂ ನಂಬಿದರು, ಯಾಕೆಂದರೆ ಅವಳ ಗಂಡ ಟೇಲರ್ ದ್ಯಾಮಪ್ಪನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು.

ಸಂಕ್ರಾಂತಿಯ ಮರುದಿನದ ಮಾತು. ಶಿವವ್ವ ಹಿತ್ತಲಲ್ಲಿ ಮೂರು ಜವಾರಿ ಕೋಳಿ ಸಾಕಿದ್ದಳು. ಬೆಳಿಗ್ಗೆ ಇನ್ನೂ ಬೆಚ್ಚಗಿದ್ದ ತತ್ತಿ ಎತ್ತಿ ತಂದು, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಗಂಡನಿಗೆ ಆಮ್ಲೆಟ್ ಮಾಡಿಕೊಟ್ಟಳು. ದ್ಯಾಮಪ್ಪ ಮೊಬೈಲಿನಲ್ಲಿ ಕುಸ್ತಿ ನೋಡುತ್ತ ತಿಂದ.

“ಹೆಂಗೈತ್ರಿ?” ಅಂದಳು.

“ತತ್ತಿ, ತತ್ತಿ ಇದ್ದಂಗ ಐತಿ,” ಅಂದ ಮಹಾಶಯ, ಕಣ್ಣೆತ್ತದೆ. “ಜುಬೇರನ ಕಿರಾಣಿ ಅಂಗಡ್ಯಾಗ ಸಿಗೂದಕ್ಕೂ ಇದಕ್ಕೂ ಏನ್ ಫರಕ್? ಸುಮ್ಮನ ಹಿತ್ತಲ ತುಂಬ ಹೊಲಸು.”

ಶಿವವ್ವ ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿದ್ದರೆ ಗಂಡ ಹುಷಾರಾಗಬೇಕು. ಆದರೆ ಇವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಕೋಳಿಗಳು ಬುಟ್ಟಿ ಸೇರಿ, ಬುಟ್ಟಿ ಬಸ್ಸು ಸೇರಿ, ಶಿವವ್ವ ಮುಂಡಗೋಡದ ದಾರಿ ಹಿಡಿದಿದ್ದಳು.

ಮೊದಮೊದಲು ದ್ಯಾಮಪ್ಪ ಮೀಸೆ ತಿರುವಿಕೊಂಡೇ ಓಡಾಡಿದ. ಆಮೇಲೆ ಮನೆ ಬಿಕೋ ಅನ್ನತೊಡಗಿತು. ಹಿತ್ತಲ ಬಾಗಿಲಲ್ಲಿ ನಿಂತು ಅವಳು “ಬಾ ಬಾ ಬಾ” ಎಂದು ಕೋಳಿ ಕರೆಯುತ್ತಿದ್ದ ದನಿ ಕೇಳದೆ ಅವನಿಗೆ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ. ಜುಬೇರನ ಅಂಗಡಿಯ ತತ್ತಿ ತಂದು ತಾನೇ ಆಮ್ಲೆಟ್ ಮಾಡಿದ. ಬಾಯಿಗಿಟ್ಟರೆ ರವಿಕೆಯ ಒಳಪದರದ ಅಸ್ತರ್ ಬಟ್ಟೆ ಅಗಿದ ಹಾಗಿತ್ತು. ತಪ್ಪು ತತ್ತಿಯದೋ, ಒಬ್ಬನೇ ಕೂತು ತಿಂದದ್ದರದೋ, ಅವನಿಗೆ ಬಗೆಹರಿಯಲಿಲ್ಲ. ಅಂಗಡಿಯಲ್ಲಿ ಕೂತರೂ ಮನಸ್ಸೆಲ್ಲ ಮುಂಡಗೋಡದಲ್ಲೇ. ಯಾರದೋ ಪ್ಯಾಂಟಿನ ಕಿಸೆಯ ಬಾಯಿಗೇ ಹೊಲಿಗೆ ಹಾಕಿಬಿಟ್ಟ. ಫೋನು ಮಾಡಿದರೆ ಶಿವವ್ವ “ಹೂಂ” ಅನ್ನುತ್ತಿದ್ದಳು, ಅಷ್ಟೇ.

ಕೊನೆಗೊಂದು ದಿನ ಅವಳೇ ಫೋನು ಮಾಡಿದಳು. “ನಾಳೆ ಮಧ್ಯಾಹ್ನದ ಬಸ್ಸಿಗೆ ಬರ್ತೇನಿ. ಕಣ್ಣ ಕಟ್ಟಿ ಎರಡು ತತ್ತಿ ಮುಂದ ಇಡ್ತೇನಿ. ಒಂದು ನಂದು, ಒಂದು ಅಂಗಡೀದು. ನಂದು ಯಾವುದಂತ ಹೇಳಿದ್ರ ಇರ್ತೇನಿ. ಇಲ್ಲಾಂದ್ರ ಸಂಜಿ ಬಸ್ಸಿಗೆ ವಾಪಸ್.”

ದ್ಯಾಮಪ್ಪನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾದ ಕೂಡಲೇ ಎದುರು ಮನೆಯ ನೀಲಕ್ಕನ ಹತ್ತಿರ ಓಡಿದ. ನೀಲಕ್ಕನೂ ಒಂದೆರಡು ಕೋಳಿ ಸಾಕಿದಾಕೆ. ಪೇಟೆಯ ಅರ್ಧ ಸಂಸಾರಗಳಿಗೆ ಬುದ್ಧಿ ಹೇಳುವುದು ಅವಳ ಇನ್ನರ್ಧ ಉದ್ಯೋಗ.

“ಪ್ರಾಕ್ಟೀಸ್ ಮಾಡೋ,” ಅಂದಳು ನೀಲಕ್ಕ. “ಒಂದು ನಂದು ತಿನ್ನು, ಒಂದು ಜುಬೇರಂದು ತಿನ್ನು. ನಾಲಿಗಿಗೆ ತಾನ ಗೊತ್ತಾಗ್ತೈತಿ.”

ಟೇಲರ್ ಅಂಗಡಿಯಲ್ಲಿ ಪ್ರಾಕ್ಟೀಸು ಶುರುವಾಯಿತು. ಸುದ್ದಿ ಹಬ್ಬಿತು. ರವಿಕೆ ಹೊಲಿಸಲು ಬಂದವರು ಸೆರಗಿನಲ್ಲಿ ತತ್ತಿ ಕಟ್ಟಿಕೊಂಡು ಬಂದು, “ಇದನ್ನಷ್ಟು ತಿಂದು ನೋಡ್ರಿ, ನಮ್ಮ ಕೋಳೀದು” ಅಂದರು. ಕಿರಾಣಿ ಅಂಗಡಿಯ ಜುಬೇರ ತನ್ನ ಮಾಲಿನ ಮಾನ ಹೋಗುತ್ತದೆಂದು ಓಡಿಬಂದು, “ದ್ಯಾಮಪ್ಪ ಮಾಮಾ, ನಮ್ಮದೂ ಏನ್ ಕಡಿಮಿ ಇಲ್ಲ, ಉಪ್ಪು ಹಚ್ಚಿ ತಿನ್ರಿ” ಎಂದು ಬಾಯಿಗೇ ಇಟ್ಟ. ಹನ್ನೊಂದರ ಹೊತ್ತಿಗೆ ದ್ಯಾಮಪ್ಪನ ಹೊಟ್ಟೆ ಹೊಲಿಗೆ ಬಿಚ್ಚುವಂತಾಗಿತ್ತು. ನಾಲಿಗೆ ಮಾತ್ರ ಏನನ್ನೂ ಕಲಿತಿರಲಿಲ್ಲ.

“ಸತ್ತೆ ನೀಲಕ್ಕ,” ಅಂದ, ತೇಗುತ್ತ. “ಎಲ್ಲಾ ಒಂದ ನಮೂನಿ. ಇವತ್ತು ಆಕಿ ತಿರುಗಿ ಹೋದ್ಲಂದ್ರ ಮತ್ತ ಬರಂಗಿಲ್ಲ. ಆಕಿ ಇಲ್ಲದ ಆ ಮನ್ಯಾಗ ನನಗ ಇರಾಕ ಆಗಂಗಿಲ್ಲ.”

ಅವನ ಕಣ್ಣಲ್ಲಿ ನೀರು ನೋಡಿ ನೀಲಕ್ಕನ ಕರುಳು ಚುರ್ ಅಂದಿತು. ಹತ್ತಿರ ಬಂದು ದನಿ ಇಳಿಸಿದಳು. “ರುಚಿ ಮನಿ ಹಾಳಾಗ್ಲಿ. ಸಿಪ್ಪಿ ನಾನ ಬಿಡಸ್ತೇನಿ ಅನ್ನು. ತಾಜಾ ತತ್ತಿ ಕುದಿಸಿದ್ರ ಸಿಪ್ಪಿ ಸುಲಭ ಬರಂಗಿಲ್ಲ, ಬಿಳೀದನ್ನೂ ಕಿತಗೊಂಡ ಬರ್ತೈತಿ. ಅಂಗಡೀದು ಹಳೇದು, ಅಂಗಿ ಕಳದಂಗ ಬರ್ತೈತಿ. ಅಂಟಗೊಂಡಿದ್ದು ಹೆಂಡ್ತೀದು, ತಿಳ್ಕೊ.”

ದ್ಯಾಮಪ್ಪ ಅವಳ ಕಾಲಿಗೆ ಬೀಳುವುದೊಂದು ಬಾಕಿ.

ಬಸ್ಸು ಬಂತು. ಶಿವವ್ವ ಇಳಿದಳು. ಸ್ವಲ್ಪ ಸೊರಗಿದ್ದಳು. ಬುಟ್ಟಿಯಲ್ಲಿ ಭತ್ತದ ಹೊಟ್ಟಿನ ನಡುವೆ ತತ್ತಿಗಳಿದ್ದವು. “ಆರಾಮದೀರಿ?” ಅಂದಳು, ಬೇರೆಲ್ಲೋ ನೋಡುತ್ತ. “ಹೂಂ” ಅಂದ ದ್ಯಾಮಪ್ಪ. ಅಲ್ಲೇ ಬಸ್‌ಸ್ಟ್ಯಾಂಡಿನಲ್ಲೇ ಅವಳ ಕೈ ಹಿಡಿಯಬೇಕೆನಿಸಿತು, ಆದರೆ ಹಿಂದೆ ಅರ್ಧ ಪೇಟೆ ನಿಂತಿತ್ತು.

ಮನೆಯ ಪಡಸಾಲೆಗೆ ಪಂಚನಾಗಿ ಉಳವಪ್ಪ ಕಾಕಾ ಬಂದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಹುಟ್ಟಿದಾಗಿನಿಂದ ತತ್ತಿ ಮುಟ್ಟದವ; ಹಾಗಾಗಿ ಯಾರ ಪರವೂ ಮಾತಾಡಲಾರ ಎಂದು ಎಲ್ಲರೂ ಒಪ್ಪಿದ್ದರು. ಅವನು ಮೂಗಿಗೆ ಟವೆಲು ಹಿಡಿದು, ಮಾರು ದೂರ ಕೂತು, “ಹೂಂ, ನಡೀಲಿ” ಅಂದ.

ಶಿವವ್ವ ಜಾಣೆ. ಗಾತ್ರದಲ್ಲಿ ಗುರುತು ಸಿಗಬಾರದೆಂದು ಜುಬೇರನ ಟ್ರೇಯಲ್ಲಿ ಹುಡುಕಿ ಹುಡುಕಿ ತನ್ನದರಷ್ಟೇ ಸಣ್ಣದನ್ನು ಆರಿಸಿದಳು. ತಾನೇ ಕುದಿಸಿದಳು. ಅಸ್ತರ್ ಬಟ್ಟೆಯಿಂದ ಗಂಡನ ಕಣ್ಣು ಕಟ್ಟಿದಳು. ಕಟ್ಟುವಾಗ ಅವಳ ಬೆರಳು ಕಿವಿಗೆ ತಾಕಿತು. ದ್ಯಾಮಪ್ಪನ ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಂಡಿತು.

“ಸಿಪ್ಪಿ ನಾನ ಬಿಡಸ್ತೇನಿ,” ಅಂದ. “ಬ್ಯಾರೆಯವರು ಬಿಡಿಸಿದ್ರ ರುಚಿ ಕೆಡ್ತೈತಿ.”

“ನಿಮ್ಮಿಷ್ಟ.”

ಮೊದಲನೆಯದರ ಸಿಪ್ಪೆ ಸರಾಗವಾಗಿ ಕಳಚಿಕೊಂಡಿತು. ಅಂಗಡೀದು, ಅಂದುಕೊಂಡ. ಬಾಯಿಗಿಟ್ಟ.

ಏನಾಯಿತೋ ಏನೋ. ಬೆಳಿಗ್ಗೆಯಿಂದ ಅಷ್ಟೊಂದು ತಿಂದು ಸುಸ್ತಾಗಿದ್ದ ನಾಲಿಗೆ ತಟ್ಟನೆ ಎಚ್ಚೆತ್ತಿತು. ಬೆಣ್ಣೆಯಂಥ ಹಳದಿ ಬಾಯಿ ತುಂಬ ಕರಗಿತು. ಮದುವೆಯಾದ ಹೊಸದರಲ್ಲಿ ಮನೆಗೆ ಇದ್ದದ್ದೇ ಒಂದು ಕೋಳಿ; ಅದರ ತತ್ತಿಯನ್ನು ದಾರದಿಂದ ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ಅವನ ತಾಟಿಗೆ ಸರಿಸಿ, “ನನಗ ಅಷ್ಟ ಸೇರಂಗಿಲ್ರಿ” ಎಂದು ಸುಳ್ಳು ಹೇಳುತ್ತಿದ್ದ ಶಿವವ್ವ ನೆನಪಾದಳು. ಬಟ್ಟೆಯ ಒಳಗೆ ಕಣ್ಣು ಒದ್ದೆಯಾದವು.

ಎರಡನೆಯದನ್ನು ಸುಲಿದ. ಸಿಪ್ಪೆ ಬಿಗಿಯಾಗಿ ಅಂಟಿಕೊಂಡು ಬಿಳಿಯನ್ನೆಲ್ಲ ಕಿತ್ತುಕೊಂಡು ಬಂತು. ಬಾಯಿಗಿಟ್ಟರೆ ರುಚಿ ಸಪ್ಪೆ.

ನಾಲಿಗೆ ಮೊದಲನೆಯದು ಅಂದಿತು. ಬೆರಳು ಎರಡನೆಯದು ಅಂದಿತು. ಇಷ್ಟು ವರ್ಷ ಬೆರಳನ್ನೇ ನಂಬಿ ಹೊಟ್ಟೆ ಹೊರೆದವನು ದ್ಯಾಮಪ್ಪ.

“ಎರಡನೇದು!” ಎಂದು ಕೂಗಿದ. “ಎರಡನೇದು ನಿಂದು!”

ಅವನೇ ಕಣ್ಣಿನ ಬಟ್ಟೆ ಕಿತ್ತು ನೋಡಿದ. ಶಿವವ್ವ ತುಟಿ ಕಚ್ಚಿ ನಿಂತಿದ್ದಳು. ಏನೂ ತಿಳಿಯದ ಜುಬೇರ ಒಬ್ಬನೇ ಎದೆಯುಬ್ಬಿಸಿ, “ನಾ ಹೇಳಲಿಲ್ಲೇನು? ಇವತ್ತು ಹನ್ನೆರಡಕ್ಕ ಫಾರಂ ಗಾಡಿ ಬಂದೈತಿ. ನಿನ್ನೆ ಇಟ್ಟ ತತ್ತಿ, ಎಕ್ದಮ್ ತಾಜಾ!” ಅಂದ. ನೀಲಕ್ಕ ಹಣೆ ಹಣೆ ಬಡಿದುಕೊಂಡಳು.

“ಮತ್ತ ನಿಂದು?” ಅಂದ ದ್ಯಾಮಪ್ಪ.

“ನಂದು ಹಳೇವು,” ಅಂದಳು ಶಿವವ್ವ. “ತವರಿಗೆ ಹೋದ ದಿನದಿಂದ ಕೂಡಿಸಿಟ್ಟೀನಿ. ನಮ್ಮಣ್ಣ ಕೇಳಿದ್ರೂ ಕೊಡ್ಲಿಲ್ಲ. ಇವತ್ತಲ್ಲ ನಾಳೆ ಕರಿಯಾಕ ಬರ್ತೀರಿ, ಬಂದಾಗ ನಿಮಗ ಮಾಡಿ ಹಾಕ್ಬೇಕಂತ ಭತ್ತದ ಹೊಟ್ಟಿನಾಗ ಮುಚ್ಚಿಟ್ಟಿದ್ದೆ. ನೀವು ಬರ್ಲಿಲ್ಲ. ಸಾಕಾಗಿ ನಾನ ಬಂದೆ.”

ಸಂಜೆಯ ಬಸ್ಸಿನ ಕಿಟಕಿ ಹಿಡಿದು ದ್ಯಾಮಪ್ಪ ಗೋಗರೆದ. “ಖರೇನ ಹೇಳ್ತೇನಿ ಶಿವವ್ವ, ನಾಲಿಗಿಗೆ ಗೊತ್ತಾಗಿತ್ತು! ಮೊದಲನೇ ತುತ್ತಿಗೇ ನಿಂದಂತ ಗೊತ್ತಾಗಿತ್ತು!”

“ಹಂಗಾರ ಬಾಯಿ ಯಾಕ ಬ್ಯಾರೆ ಹೇಳ್ತು?”

ಸಿಪ್ಪೆಯ ಉಪಾಯವನ್ನು ಬಾಯಿ ಬಿಡದೆ ಗತಿಯಿರಲಿಲ್ಲ. ಎಲ್ಲ ಹೇಳಿದ. ಹೇಳುತ್ತ ಹೋದ ಹಾಗೆ ಅವಳ ಮುಖ ಇನ್ನಷ್ಟು ಬಿಗಿಯಿತು.

“ನಿಮ್ಮ ನಾಲಿಗಿ ಹೇಳಿದ್ದನ್ನ ನೀವ ನಂಬ್ಲಿಲ್ಲ,” ಅಂದಳು. “ನಾ ಹೆಂಗ ನಂಬ್ಲಿ?”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ದ್ಯಾಮಪ್ಪ ಬಸ್ಸು ಹೋದ ರಸ್ತೆ ನೋಡುತ್ತ, ಧೂಳು ಇಳಿದ ಮೇಲೂ ನಿಂತೇ ಇದ್ದ. ಉಳವಪ್ಪ ಕಾಕಾ ಬಂದು ಹೆಗಲ ಮೇಲೆ ಕೈಯಿಟ್ಟ.

“ನಡಿಯೋ ತಮ್ಮಾ, ಚಹಾ ಕುಡಿಯೂಣು.”

“ಬ್ಯಾಡ್ರಿ ಕಾಕಾ,” ಅಂದ ದ್ಯಾಮಪ್ಪ. “ಆ ರುಚಿ ಇನ್ನೂ ಬಾಯಾಗ ಐತಿ. ಚಹಾ ಕುಡದ್ರ ಹೋಗಿಬಿಡ್ತೈತಿ.”