ಮಾದೇವಿಯ ಹೆಸರು ತಿದ್ದಿದ್ದು

ತಪ್ಪು ತಿದ್ದುವುದು ನನ್ನ ವೃತ್ತಿ. ಇಪ್ಪತ್ತೆರಡು ವರ್ಷಗಳಿಂದ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ಮೊದಲು ಕೆಂಪು ಪೆನ್ನು ಹುಡುಕುತ್ತೇನೆ, ಆಮೇಲೆ ಮುಹೂರ್ತ ನೋಡುತ್ತೇನೆ. ಒಮ್ಮೆ ನಮ್ಮ ಬೀಗರ ಮನೆಯ ಪತ್ರಿಕೆಯಲ್ಲಿ ಹನ್ನೊಂದು ತಪ್ಪು ಗುರುತಿಸಿ ಅವರ ಕೈಗೇ ಕೊಟ್ಟೆ. ಆ ಮದುವೆಯಲ್ಲಿ ನಮ್ಮನ್ನು ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ!

ಎರಡು ವರ್ಷದ ಹಿಂದೆ ಪ್ರಾಚಾರ್ಯರು ನನ್ನನ್ನು ಕರೆದು ವಿದ್ಯಾರ್ಥಿವೇತನದ ಕೆಲಸ ಒಪ್ಪಿಸಿದರು. ಮಕ್ಕಳು ಹಾಕಿದ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಇದಕ್ಕೆ 'ನೋಡಲ್ ಅಧಿಕಾರಿ' ಎಂಬ ಪದವಿ. ಅಂದು ಸಂಜೆ ತಿಕೋಟಾದಿಂದ ವಿಜಯಪುರದ ಮನೆಗೆ ಬಸ್ಸಿನಲ್ಲಿ ಬರುವಾಗ ನಿಂತೇ ಬಂದೆ. ಸೀಟು ಇತ್ತು. ಆದರೆ ಕೂಡ್ರಲು ಮನಸ್ಸಾಗಲಿಲ್ಲ.

"ಇವತ್ತಿನಿಂದ ನಾನು ಅಧಿಕಾರಿ" ಎಂದು ಹೆಂಡತಿ ಗಿರಿಜಾಳಿಗೆ ಘೋಷಿಸಿದೆ.

"ಪಗಾರ ಹೆಚ್ಚ ಮಾಡ್ಯಾರೇನ್ರಿ?"

"ಇಲ್ಲ."

"ಹಂಗಾರ ಅಧಿಕಾರಿ ಅಲ್ಲ ಬಿಡ್ರಿ. ಬ್ಯಾರೆ ಯಾರೂ ಒಲ್ಲೆ ಅಂದಿರ್ತಾರ, ನಿಮ್ಮ ಕೊರಳಿಗೆ ಕಟ್ಟ್ಯಾರ."

ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದಲೇ ಕೆಲಸ ಶುರು ಮಾಡಿದೆ. ದ್ವಿತೀಯ ವರ್ಷದ ವಿದ್ಯಾರ್ಥಿಗಳ ಹೆಸರು ನೋಡುತ್ತ ಹೋದಾಗ ಒಂದು ಕಡೆ ನನ್ನ ಕಣ್ಣು ನಿಂತಿತು. 'ಮಾದೇವಿ.' ವಿಜ್ಞಾನ ವಿಭಾಗದ ಹುಡುಗಿ. ತಿಕೋಟಾದವಳೇ. ತಂದೆ ಕಟ್ಟಡದ ಕೆಲಸಕ್ಕೆ ಪುಣೆ ಕಡೆ ಹೋಗಿದ್ದರು. ತಾಯಿ ಶಾಂತವ್ವ ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಕೂಲಿ. ಹುಡುಗಿ ಕಡಿಮೆ ಮಾತಿನವಳು, ಚಂದ ಓದುವವಳು. ಅಂಥವಳ ಹೆಸರು ಹೀಗೆ ಮುರಿದು ಬಿದ್ದಿದೆಯಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು. ದಾಖಲಾತಿ ಪುಸ್ತಕ ತರಿಸಿ, ಕೆಂಪು ಪೆನ್ನು ತೆಗೆದು, 'ಮಾ'ಕ್ಕೆ ಅಡ್ಡಗೆರೆ ಎಳೆದು 'ಮಹಾ' ಎಂದು ಬರೆದೆ. ಕಂಪ್ಯೂಟರಿನಲ್ಲೂ ಹಾಗೇ ಏರಿಸಿದೆ. ಮಹಾದೇವಿ! ಈಗ ಹೆಸರಿಗೊಂದು ಕಳೆ ಬಂತು.

ಹುಡುಗಿಯನ್ನು ಕರೆದು ಶುಭಸುದ್ದಿ ಹೇಳಿದೆ.

"ಸರ, ಮಾದೇವಿ ಅಂತನ ಇರ್ಲಿರಿ. ಎಲ್ಲಾ ಕಡೆ ಹಂಗ ಐತಿ. ಹೋದ ವರ್ಷ ರೊಕ್ಕಾನೂ ಹಂಗ ಬಂದಾವ್ರಿ."

ನಾನು ಪದ ಸವೆಯುವ ಬಗೆ, ಅಕ್ಷರಲೋಪ, ಆಡುಮಾತು, ಬರಹದ ಮಾತು ಇತ್ಯಾದಿಗಳ ಮೇಲೆ ಒಂದು ಪಿರಿಯಡ್ ಪೂರ್ತಿ ವಿವರಣೆ ಕೊಟ್ಟೆ. ಕೊನೆಗೆ "ತಿಳಿಯಿತೇ?" ಎಂದೆ. "ಹೂಂ ರೀ" ಎಂದಳು. ನನ್ನ ಪಾಠ ಮುಗಿಯಬೇಕಾದರೆ ಮಕ್ಕಳು ಹೂಂ ಎನ್ನಲೇಬೇಕು. ಇದು ಅವರಿಗೆಲ್ಲ ಗೊತ್ತು.

ತಿಂಗಳೊಪ್ಪತ್ತಿನಲ್ಲಿ ಅವಳ ಅರ್ಜಿ ಅಂಗಾತ ಬಿತ್ತು. ಆಧಾರ್ ಕಾರ್ಡಿನ ಹೆಸರಿಗೂ ಕಾಲೇಜಿನ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರ್ ತೋರಿಸಿತು. ಪರಿಹಾರ ಸರಳವಿತ್ತು. ದಾಖಲಾತಿ ಪುಸ್ತಕದಲ್ಲಿ ನಾನು ಎಳೆದ ಗೆರೆಯನ್ನು ರದ್ದು ಮಾಡಿ, 'ತಪ್ಪಾಗಿ ತಿದ್ದಿದ್ದೇನೆ' ಎಂದು ಪ್ರಾಚಾರ್ಯರಿಗೆ ಒಂದು ಸಾಲು ಬರೆದುಕೊಟ್ಟರೆ ಮುಗಿಯುತ್ತಿತ್ತು. ಆ ಒಂದು ಸಾಲು ನನ್ನ ಪೆನ್ನಿನಿಂದ ಇಳಿಯಲಿಲ್ಲ. ತಿದ್ದುವವನೇ ತಪ್ಪು ತಿದ್ದಿದ ಎಂದರೆ ಹೇಗೆ? ಆದ್ದರಿಂದ ನಾನು ಬೇರೆ ದಾರಿ ಹಿಡಿದೆ. ನನ್ನ ಪುಸ್ತಕ ಸರಿಯಾಗಿದೆ. ಭಾರತ ಸರ್ಕಾರದ ಕಾರ್ಡನ್ನೇ ತಿದ್ದಿಸುವುದು!

ತಾಯಿ-ಮಗಳನ್ನು ವಿಜಯಪುರದ ಆಧಾರ್ ಕೇಂದ್ರಕ್ಕೆ ಬರಲು ಹೇಳಿದೆ. ಶಾಂತವ್ವ ಆ ದಿನದ ಕೆಲಸ ಬಿಟ್ಟು ಬಂದಿದ್ದರು. ಕೇಂದ್ರದವನು ಕಾಲೇಜಿನ ಪತ್ರ ನೋಡಿ ಕೇಳಿದ:

"ಹೆಸರ ಯಾಕ ಬದ್ಲಿ ಮಾಡಾಕತ್ತೀರಿ ಸರ?"

"ಬದಲಿ ಅಲ್ಲ. ಶುದ್ಧಿ."

"ಶುದ್ಧಿ ಅನ್ನೂ ಕಾಲಂ ಇಲ್ರಿ ಇಲ್ಲೆ. ಬದ್ಲಿ ಅಂತ ಹಾಕ್ತೀನಿ."

ಹುಡುಗಿ ಬೆರಳು ಇಟ್ಟಳು. ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟಳು. ಒಪ್ಪಲಿಲ್ಲ. ಹಿಂದಿನ ದಿನ ರವಿವಾರ, ತಾಯಿಯ ಜೊತೆ ಶೆಡ್ಡಿಗೆ ಹೋಗಿದ್ದಳಂತೆ. ದ್ರಾಕ್ಷಿಯ ಅಂಟು ಇನ್ನೂ ಬೆರಳಿನ ಗೆರೆಗಳಲ್ಲಿತ್ತು. ಶಾಂತವ್ವ ಸೆರಗಿನ ತುದಿಯನ್ನು ನೀರಿನಲ್ಲಿ ತೋಯಿಸಿ ಮಗಳ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದರು, ಚಿಕ್ಕ ಮಗುವಿಗೆ ಮಾಡುವ ಹಾಗೆ. ನಾನು ಬದಿಗೆ ನಿಂತು ಗೋಡೆಯ ಮೇಲಿನ ಸೂಚನಾಫಲಕದಲ್ಲಿ ಅಕ್ಷರದೋಷ ಎಣಿಸುತ್ತಿದ್ದೆ. ಐದನೇ ಸಲಕ್ಕೆ ಯಂತ್ರ ಒಪ್ಪಿತು.

"ಜೀವನದಾಗ ಎರಡ ಸಲ ಅಷ್ಟ ನೋಡ್ರಿ ಹೆಸರ ಬದ್ಲಿ ಮಾಡಾಕ ಬರೂದು" ಎಂದ ಕೇಂದ್ರದವನು.

"ನಮಗೆ ಒಂದೇ ಸಾಕು!" ಎಂದೆ ನಾನು, ಗಂಭೀರವಾಗಿ.

ಕಾರ್ಡು ಬದಲಾಯಿತು. ನಾನು ಕೈ ಒರೆಸಿಕೊಂಡೆ. ವಾರದೊಳಗೆ ತಿಳಿದ ಸಂಗತಿ ಏನೆಂದರೆ, ಬ್ಯಾಂಕಿನ ಖಾತೆಯಲ್ಲಿ ಮಾದೇವಿ, ಜಾತಿ ಪ್ರಮಾಣಪತ್ರದಲ್ಲಿ ಮಾದೇವಿ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಾದೇವಿ. ಮೊದಲು ಎಲ್ಲವೂ ಸರಿಯಿದ್ದು ನನ್ನದೊಂದು ಮಾತ್ರ ತಪ್ಪಿತ್ತು. ಈಗ ಎಲ್ಲವೂ ತಪ್ಪಾಗಿ ನನ್ನದೊಂದು ಸರಿಯಾಗಿತ್ತು!

ಹುಡುಗಿ ಹತ್ತನೆಯ ತರಗತಿ ಓದಿದ್ದು ಬಬಲೇಶ್ವರದಲ್ಲಿ, ಅಜ್ಜಿಯ ಮನೆಯಲ್ಲಿದ್ದುಕೊಂಡು. ಅಂಕಪಟ್ಟಿಯನ್ನೂ ತಿದ್ದಿಸಿಬಿಡೋಣವೆಂದು ಅಲ್ಲಿಯ ಶಾಲೆಗೆ ಹೋದೆ. ಮತ್ತೆ ತಾಯಿ-ಮಗಳು ನನ್ನ ಹಿಂದೆ. ಮತ್ತೆ ಒಂದು ದಿನದ ಕೂಲಿ ಹೋಯಿತು. ಮುಖ್ಯೋಪಾಧ್ಯಾಯಿನಿ ವಯಸ್ಸಾದವರು. ನನ್ನ ಕತೆಯನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರ, ತಪ್ಪ ತಿಳೀಬ್ಯಾಡ್ರಿ. ಇಷ್ಟ ಕಡೆ ತಿದ್ದಿಸೂದಕಿಂತ ನಿಮ್ಮ ರಜಿಸ್ಟರದಾಗಿನ ಒಂದ ಅಕ್ಷರ ನೀವ ಹೊಡದು ಹಾಕಿದ್ರ ಮುಗೀತಿತ್ತಲ್ರಿ?"

ಶಾಂತವ್ವ ನನ್ನ ಮುಖ ನೋಡಿದರು. ಅದುವರೆಗೆ ಅವರು ಇದೆಲ್ಲ ಸರ್ಕಾರದ ಕಾನೂನು ಎಂದೇ ತಿಳಿದಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಮರುದಿನ ಪ್ರಾಚಾರ್ಯರಿಗೆ ಪತ್ರ ಬರೆದೆ. 'ಕಣ್ತಪ್ಪಿನಿಂದ' ಎಂದು ಬರೆದೆ. ಅದೂ ಸುಳ್ಳೇ. ಕಣ್ಣರಳಿಸಿಕೊಂಡೇ ತಿದ್ದಿದ್ದೆ. ಪುಸ್ತಕದಲ್ಲಿ ಹುಡುಗಿ ಮತ್ತೆ ಮಾದೇವಿಯಾದಳು. ಆಧಾರ್ ಕೇಂದ್ರಕ್ಕೆ ಎರಡನೆಯ ಸಲ ಹೋದೆವು. ಕೇಂದ್ರದವನು ನನ್ನನ್ನು ಗುರುತು ಹಿಡಿದ.

"ಇದು ಕಡೇದು ನೋಡವಾ ತಂಗಿ" ಎಂದು ಹುಡುಗಿಗೆ ಹೇಳಿದ. "ಇನ್ನ ಬದ್ಲಿ ಮಾಡ್ತೀನಿ ಅಂದ್ರ ಸುಲಭ ಇಲ್ಲ."

ಅವಳು ಜೀವನದಲ್ಲಿ ಬೇಕೆಂದು ಒಂದು ಸಲವೂ ಹೆಸರು ಬದಲಿಸಿದವಳಲ್ಲ. ಅವಳ ಎರಡೂ ಅವಕಾಶಗಳನ್ನು ನಾನೇ ಖರ್ಚು ಮಾಡಿದ್ದೆ!

ಹೊಸ ಹೆಸರು, ಅಂದರೆ ಹಳೆಯ ಹೆಸರು, ಕಂಪ್ಯೂಟರಿಗೆ ತಲುಪಲು ಕೆಲವು ದಿನ ಬೇಕಿತ್ತು. ಅಷ್ಟರಲ್ಲಿ ಮೇಲಿನಿಂದ ಪತ್ರ ಬಂತು. ಮಕ್ಕಳಿಗೆಂದು ಸರ್ಕಾರ ಕೊಡುವ ಹಣ ಮಕ್ಕಳಿಗೆ ಮುಟ್ಟುತ್ತಿದೆಯೋ ಇಲ್ಲವೋ ನೋಡಲು ಪರಿಶೀಲನಾ ತಂಡವೊಂದು ಬರಲಿದೆ; ಅಷ್ಟರೊಳಗೆ ಯಾವ ಅರ್ಜಿಯೂ ಬಾಕಿ ಇರಕೂಡದು. ನಮ್ಮ ಕಚೇರಿಯ ಬಸಣ್ಣ ಪಟ್ಟಿ ನೋಡಿ ಹೇಳಿದ: "ಒಂದ ಬಾಕಿ ಐತ್ರಿ ಸರ. ಆ ಹುಡುಗೀದ. ನಾ ಚಾ ಕುಡದ ಬಂದು ನೋಡ್ತೀನಿ, ನೀವು ಮುಟ್ಟಬ್ಯಾಡ್ರಿ."

ಅಧಿಕಾರಿಗೆ ಮುಟ್ಟಬ್ಯಾಡ ಎನ್ನುವುದೇ? ತೆರೆದು ನೋಡಿದೆ. ಮೂರು ಗುಂಡಿಗಳಿದ್ದವು. ಒಪ್ಪಿಗೆ, ವಾಪಸ್, ತಿರಸ್ಕಾರ. ನಾನು ಉಪನ್ಯಾಸಕನಾಗಿ ಯೋಚಿಸಿದೆ. ತಪ್ಪಿರುವ ಹಾಳೆಯನ್ನು ಹರಿದು ಹಾಕಿ ಹೊಸ ಹಾಳೆಯಲ್ಲಿ ಬರೆ ಎಂದು ಮಕ್ಕಳಿಗೆ ಹೇಳುವುದಿಲ್ಲವೇ? ಹಾಗೆಯೇ ಹಳೆಯ ಅರ್ಜಿ ತಿರಸ್ಕರಿಸಿದರೆ ಹೊಸದಾಗಿ ಶುದ್ಧವಾದ ಅರ್ಜಿ ಹಾಕಬಹುದು. ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಈ ಪ್ರಶ್ನೆಗೆ ನಾನು ಹುಟ್ಟಿದಾಗಿನಿಂದ ಇಲ್ಲ ಎಂದವನಲ್ಲ. ಹೌದು ಎಂದೆ.

ಬಸಣ್ಣ ಬಂದು ಪರದೆ ನೋಡಿ ಹಣೆ ಹಿಡಿದುಕೊಂಡ.

"ತಿರಸ್ಕಾರ ಒತ್ತೀರೇನ್ರಿ? ವಾಪಸ್ ಒತ್ತಿದ್ರ ಆಕಿ ತಿದ್ದಿ ಕಳಸ್ತಿದ್ಳಲ್ರಿ! ಇದು ಹೋತಂದ್ರ ಹೋತರಿ ಸರ. ಈ ವರ್ಷದ್ದು ಮುಗೀತು."

ಅಂದು ಕಚೇರಿಗಳಿಗೆ ಫೋನು ಮಾಡಿದೆ, ಮನವಿ ಬರೆದೆ, ವಿಜಯಪುರದಲ್ಲಿ ಎರಡು ಮೂರು ಕಚೇರಿಗಳ ಮೆಟ್ಟಿಲು ಹತ್ತಿಳಿದೆ. ಎಲ್ಲರೂ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಗುಂಡಿಯನ್ನು ಒತ್ತುವುದಕ್ಕೆ ನನಗೆ ಅಧಿಕಾರವಿತ್ತು. ಒತ್ತಿದ್ದನ್ನು ಎತ್ತುವುದಕ್ಕೆ ಅಲ್ಲಿ ಯಾರಿಗೂ ಇರಲಿಲ್ಲ.

ತಂಡ ಬಂತು. ಮುಖ್ಯಸ್ಥೆಯಾಗಿದ್ದವರು ಶಾಂತ ಸ್ವಭಾವದ ಅಧಿಕಾರಿ. ಪಟ್ಟಿ ನೋಡಿ, "ಬಾಕಿ ಸೊನ್ನೆ. ಭಾಳ ಚಲೋ ಕೆಲಸ ಮಾಡೀರಿ" ಎಂದರು. ಪ್ರಾಚಾರ್ಯರು ನನ್ನತ್ತ ನೋಡಿ ನಕ್ಕರು. ನಾನೂ ನಕ್ಕೆ.

"ತಿರಸ್ಕಾರದಾಗ ಒಂದ ಐತಲ್ರಿ. ಏನ ಕಾರಣ?"

"ತಾಂತ್ರಿಕ ಕಾರಣ" ಎಂದೆ. ಅಷ್ಟು ಶುದ್ಧ ಕನ್ನಡ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ.

ಅವರು ಹಾಗೇ ಬರೆದುಕೊಂಡರು. ಆದರೆ ವಿದ್ಯಾರ್ಥಿಗಳನ್ನೂ ಕೇಳಬೇಕಿತ್ತು. ಐದಾರು ಮಂದಿಯನ್ನು ಕರೆಸಿದರು. ಅವರಲ್ಲಿ ಮಾದೇವಿಯೂ ಇದ್ದಳು.

"ನಿನಗ ಈ ಸಲ ಬಂದಿಲ್ಲಲ್ಲ, ಯಾಕಂತ ಗೊತ್ತದ ಏನವಾ? ಯಾರರೆ ಸತಾಯಿಸ್ಯಾರೇನು? ಹೆದರಬ್ಯಾಡ, ಹೇಳು."

ಹುಡುಗಿ ನನ್ನ ಕಡೆ ನೋಡಲಿಲ್ಲ.

"ಯಾರೂ ಸತಾಯಿಸಿಲ್ರಿ ಮೇಡಂ. ನಮ್ಮ ಸರ ಭಾಳ ಓಡ್ಯಾಡ್ಯಾರ್ರಿ ನನ್ನ ಸಲುವಾಗಿ. ವಿಜಯಪುರಕ್ಕ ಬಂದ್ರು, ಬಬಲೇಶ್ವರಕ್ಕೂ ಬಂದ್ರು."

ಅವಳು ಅದನ್ನು ಕುಹಕದಿಂದ ಹೇಳಲಿಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದಳು; ಗುಂಡಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನು ಎದ್ದು ನಿಂತೆ. ಭಾಷಣ ಮಾಡುವವನ ಹಾಗೆ ಗಂಟಲು ಸರಿಪಡಿಸಿಕೊಂಡೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕೆಂಪು ಗೆರೆ, ಎರಡು ಸಲದ ಆಧಾರ್, ಬಬಲೇಶ್ವರ, ತಿರಸ್ಕಾರದ ಗುಂಡಿ. ಹೇಳುವಾಗ ವ್ಯಾಕರಣ ತಪ್ಪಿತು, ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ. ಯಾರೂ ನಗಲಿಲ್ಲ.

ಮೇಡಂ ತಾವು ಬರೆದಿದ್ದನ್ನು ಹೊಡೆದು ಹಾಕಿದರು. ಮರುಪರಿಶೀಲನೆಗೆ ಶಿಫಾರಸು ಮಾಡುತ್ತೇನೆ ಎಂದರು. ಮಾಡಿದರು ಕೂಡ. ಉತ್ತರ ಬರುವಷ್ಟರಲ್ಲಿ ಪರೀಕ್ಷೆಗಳು ಮುಗಿದು, ಮಾದೇವಿ ಸೇರಬೇಕೆಂದಿದ್ದ ನರ್ಸಿಂಗ್ ಪ್ರವೇಶದ ಕೊನೆಯ ದಿನವೂ ಮುಗಿದಿತ್ತು. ಉತ್ತರದಲ್ಲಿ 'ಅವಕಾಶವಿಲ್ಲ' ಎಂದಿತ್ತು. ಹಿಂದಿನ ವರ್ಷದ ಹಣವನ್ನು ಮುಟ್ಟದೆ ಇಟ್ಟು, ಈ ವರ್ಷದ್ದನ್ನು ಅದಕ್ಕೆ ಕೂಡಿಸಿ ನರ್ಸಿಂಗ್ ಸೇರುವುದೆಂದು ತಾಯಿ-ಮಗಳು ಲೆಕ್ಕ ಹಾಕಿಕೊಂಡಿದ್ದರು ಎಂಬುದು ನನಗೆ ತಿಳಿದದ್ದು ಆಗಲೇ.

ಅದಕ್ಕೂ ಮೊದಲೇ, ಪ್ರವೇಶಕ್ಕೆ ಇನ್ನೂ ನಾಲ್ಕು ದಿನವಿದ್ದಾಗ, ವಿದ್ಯಾರ್ಥಿವೇತನ ನಿಂತು ಹುಡುಗಿಗೆ ಹಣದ ತೊಂದರೆ ಇರಬಹುದೆಂದು ಊಹಿಸಿ ಗಿರಿಜಾ ತನ್ನ ಡಬ್ಬಿಯಿಂದ ಹಣ ತೆಗೆದುಕೊಟ್ಟಿದ್ದಳು.

"ಹೋಗಿ ಕೊಟ್ಟ ಬರ್ರಿ. ಕೊಡೂ ಮುಂದ ಭಾಷಣಾ ಮಾಡಬ್ಯಾಡ್ರಿ."

ಶೆಡ್ಡಿನ ಬಾಗಿಲಲ್ಲಿ ಶಾಂತವ್ವನನ್ನು ಕಂಡೆ. ಒಳಗೆ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದರು. ಲಕೋಟೆ ಮುಂದೆ ಹಿಡಿದೆ. ಭಾಷಣ ಮಾಡಲಿಲ್ಲ. ಅವರು ಕೈ ಚಾಚಲಿಲ್ಲ.

"ಬ್ಯಾಡ್ರಿ ಸರ. ನೀವು ಕೊಟ್ರ ಇದು ನಿಮ್ಮ ರೊಕ್ಕಾ ಆಗ್ತೈತಿ. ನಾವು ಕೈ ಒಡ್ಡಿದಂಗ ಆಗ್ತೈತಿ. ಅದು ಹಂಗಿದ್ದಿಲ್ರಿ. ಅದು ಆಕೀದ ಇತ್ತು. ಓದಿದ್ದಕ್ಕ ಸರಕಾರ ಆಕಿ ಹೆಸರಿಗೆ ಕೊಟ್ಟಿದ್ದು."

"ತಪ್ಪು ನನ್ನದಲ್ಲವೇನವ್ವ?"

"ನಿಮ್ಮದ ರೀ" ಎಂದರು, ಮೆಲ್ಲಗೆ. "ಆದ್ರ ನೀವು ಕೆಟ್ಟವರಲ್ರಿ. ಅದಕ್ಕ ಏನ ಅನ್ನಬೇಕೋ ತಿಳೀವಲ್ದು."

ಲಕೋಟೆ ಜೇಬಿನಲ್ಲಿಟ್ಟುಕೊಂಡು ಬಂದೆ. ಗಿರಿಜಾ ಕೈ ಚಾಚಿದಳು. ಇಸಿದುಕೊಂಡು ಡಬ್ಬಿಯಲ್ಲಿ ಹಾಕಿದಳು. ಅವಳು ನನ್ನನ್ನು ಬಯ್ಯದೆ ಬಿಟ್ಟದ್ದು ಅದೇ ಮೊದಲು.

ಮಾದೇವಿ ಒಂದು ವರ್ಷ ಅದೇ ಶೆಡ್ಡಿನಲ್ಲಿ ತೂಕ ಬರೆಯುವ ಕೆಲಸ ಮಾಡಿದಳು. ವಿದ್ಯಾರ್ಥಿವೇತನದ ಕೆಲಸವನ್ನು ಪ್ರಾಚಾರ್ಯರು ಬಸಣ್ಣನ ಪಕ್ಕದಲ್ಲಿ ಕೂಡುವ ಇನ್ನೊಬ್ಬರಿಗೆ ಕೊಟ್ಟರು. ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ನಾನೇ ಕೈ ಮುಗಿಯುತ್ತಿದ್ದೆ.

ಈ ವರ್ಷ ಮಳೆಗಾಲದ ಒಂದು ಸಂಜೆ ತಿಕೋಟಾದಿಂದ ಮನೆಗೆ ಬರುವ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಮಾದೇವಿ ಕೂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕಡತ. ಎದ್ದು ನಮಸ್ಕಾರ ಮಾಡಿದಳು. ವಿಜಯಪುರದಲ್ಲಿ ನರ್ಸಿಂಗ್ ಅರ್ಜಿ ಹಾಕಿದ್ದಾಳೆ, ನಾಳೆ ಬೆಳಿಗ್ಗೆ ದಾಖಲೆ ಪರಿಶೀಲನೆ, ಇವತ್ತು ಸೋದರತ್ತೆಯ ಮನೆಯಲ್ಲಿ ಉಳಿಯುತ್ತಾಳೆ.

"ವಿದ್ಯಾರ್ಥಿವೇತನದ್ದು?"

"ಅದನ್ನೂ ನಾನ ಹಾಕ್ತೀನ್ರಿ. ಕಲತೀನಿ."

"ನಾನು ಏನಾದರೂ ನೋಡಿಕೊಡಲೇ?"

"ಬ್ಯಾಡ್ರಿ ಸರ!"

ಅದು ಎಷ್ಟು ಜೋರಾಗಿ, ಎಷ್ಟು ಬೇಗ ಬಂತೆಂದರೆ ಅರ್ಧ ಬಸ್ಸು ತಿರುಗಿ ನೋಡಿತು. ಅವಳಿಗೇ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಳು. ಕಡತವನ್ನು ಮಾತ್ರ ನನ್ನಿಂದ ಆಚೆಯ ಬದಿಗೆ ಸರಿಸಿಕೊಂಡಳು.

ಕಂಡಕ್ಟರ್ ಬಂದ. ಇದೊಂದಾದರೂ ನಾನು ಮಾಡಬಹುದಲ್ಲ ಎಂದು ಸರ್ರನೆ ಜೇಬಿಗೆ ಕೈ ಹಾಕಿದೆ.

"ಎರಡು ವಿಜಯಪುರ. ಆಕೆಯದೂ ನಾನೇ ಕೊಡುತ್ತೇನೆ."

ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸರ, ಹೆಣ್ಣಮಕ್ಕಳಿಗೆ ರೊಕ್ಕಾ ಇಲ್ಲಲ್ರಿ. ಫ್ರೀ ಆಗಿ ಎಷ್ಟ ದಿನಾ ಆತು! ನಿಮ್ಮದಷ್ಟ ಕೊಡ್ರಿ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಮಾದೇವಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಗು ತಡೆದುಕೊಳ್ಳಲು ಅವಳ ಭುಜ ಅಲುಗುತ್ತಿತ್ತು. ನಾನು ನನ್ನದೊಂದು ಟಿಕೀಟು ತೆಗೆದುಕೊಂಡು, ಸೀಟು ಇದ್ದುದರಿಂದ ಹಿಂದೆ ಹೋಗಿ ಸುಮ್ಮನೆ ಕೂತೆ.