ಕುಬುಸದ ಒಲೆಗೆ ಬಿದಿರು

ಒಲೆ ಉರಿಸುವ ವಿಷಯದಲ್ಲಿ ನನ್ನ ಸಲಹೆ ಪಡೆಯದ ಹೆಂಗಸು ದಾಂಡೇಲಿಯ ನಮ್ಮ ಓಣಿಯಲ್ಲಿ ಒಬ್ಬಳೂ ಇರಲಿಲ್ಲ. ಕೇಳಿದವರಿಗೆ ಕೊಡುತ್ತಿದ್ದೆ. ಕೇಳದವರಿಗೆ ಇನ್ನೂ ಮೊದಲೇ ಕೊಡುತ್ತಿದ್ದೆ. ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ನನ್ನ ವ್ಯಾಪಾರ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗಿ ಶುರು ಮಾಡಿದ್ದು, ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಅಂಗಡಿಯಾಗಿತ್ತು. ಪಾತ್ರೆ ಒಯ್ದವರಿಗೆಲ್ಲ ಒಲೆಯ ಜ್ಞಾನ ಪುಕ್ಕಟೆ. ಕಟ್ಟಿಗೆ ಒಣಗಿರಲಿ, ಹೆಬ್ಬೆರಳು ದಪ್ಪಕ್ಕೆ ಸೀಳಿರಲಿ. ಒಲೆಯ ಬಾಯಿ ತುಂಬ ತುರುಕಬೇಡಿ, ಗಾಳಿ ಆಡಲು ಜಾಗ ಬಿಡಿ. ಪಾತ್ರೆಗೆ ಮುಚ್ಚಳ ಹಾಕಿ, ಕಟ್ಟಿಗೆ ಉಳಿಯುತ್ತದೆ. ಪಕ್ಕದಲ್ಲಿ ಒಂದು ಕೊಡ ನೀರಿರಲಿ. ಪಾಲಿಸ್ಟರ್ ಸೀರೆ ಉಟ್ಟು ಒಲೆ ಮುಂದೆ ಕೂರಬೇಡಿ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ಹಾಗೇ ಮಾಡಿ ಎನ್ನುತ್ತೇನೆ. ನಾನು ಹಾಗೆ ಮಾಡಲಿಲ್ಲ ಎಂಬುದು ಬೇರೆ ಮಾತು.

ಮಗಳು ಶೈಲಾ ಹಳಿಯಾಳದ ಸೊಸೆ. ಆಗ ಮೊದಲ ಬಸಿರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತವರಿನವರು ಸೀಮಂತದ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಬೇಕು. ಬೀಗರು ಬಂದು ಉಂಡು, ಮಗಳನ್ನು ನಮ್ಮಲ್ಲಿ ಬಿಟ್ಟು ಹೋಗಬೇಕು. ಆ ಬಿಟ್ಟು ಹೋಗುವ ಗಳಿಗೆಗಾಗಿ ಆಕೆಯ ಮದುವೆಯಾದ ದಿನದಿಂದ ಕಾದಿದ್ದೆ. ಬುಟ್ಟಿ, ಅಂಗಡಿ ಎಂದು ತಿರುಗಿದವಳಿಗೆ ಮಗಳ ಎದುರು ಕೂತು ನೆಟ್ಟಗೆ ಒಂದು ಕಪ್ ಚಹಾ ಕುಡಿಯಲೂ ಪುರುಸೊತ್ತು ಸಿಕ್ಕಿರಲಿಲ್ಲ. ಈ ಕೆಲವು ತಿಂಗಳಾದರೂ ಕಣ್ಣ ಮುಂದೆ ಇರಲಿ ಎಂಬ ಆಸೆ.

ಗ್ಯಾಸಿಗೆ ಹೆಸರು ಹಚ್ಚಿ ವರ್ಷ ದಾಟಿತ್ತು, ಸಿಲಿಂಡರ್ ಬಂದಿರಲಿಲ್ಲ. ಬಂದಿದ್ದರೂ ಅಷ್ಟು ಜನರ ಹುಗ್ಗಿಯ ಪಾತ್ರೆ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹಿತ್ತಲಲ್ಲಿ ದೊಡ್ಡ ಒಲೆ ಹೂಡಿದೆ. ಇನ್ನು ಕಟ್ಟಿಗೆ.

ಊರ ಪಕ್ಕದ ಕೋಗಿಲಬನದಲ್ಲಿ ಒಬ್ಬಾತ ಹಳೆ ಚಪ್ಪರ ಕೀಳುತ್ತಿದ್ದ. ಗಾಡಿ ತುಂಬುವಷ್ಟು ಬಿದಿರು, ಬಿಸಿಲು ಕುಡಿದು ಗಣಗಣ ಒಣಗಿತ್ತು. ನಾನು ಧಾರವಾಡದ ಕಡೆಯ ಬಯಲಿನವಳು. ನಮ್ಮ ಒಲೆಗೆ ಹತ್ತಿಕಟ್ಟಿಗೆ, ಸಗಣಿಯ ಕುಳ್ಳು. ಬಿದಿರು ಎಂದರೆ ಏಣಿ, ಮೊರ. ಸುಡುವಷ್ಟು ಬಿದಿರು ಅಲ್ಲಿ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಸುಟ್ಟರೆ ಏನಾಗುತ್ತದೆ ಎಂಬ ಶಾಸ್ತ್ರವೂ ನಮಗೆ ಇರಲಿಲ್ಲ.

"ಬಾಯಾರ, ಇದು ಒಲಿಗೆ ಬ್ಯಾಡ್ರಿ" ಎಂದ ಆತ.

ನನ್ನದು ವ್ಯಾಪಾರದಲ್ಲಿ ಪಳಗಿದ ಕಿವಿ. "ಬ್ಯಾಡ್ರಿ" ಎಂದರೆ ಅದಕ್ಕೆ "ಇನ್ನಷ್ಟು ಕೊಡ್ರಿ" ಎಂದೇ ಕೇಳಿಸುತ್ತದೆ.

"ಒಂದ ಸ್ಟೀಲಿನ ಕೊಡ ಕೊಡತೇನಿ."

"ಕೊಡದ ಮಾತಲ್ರಿ. ಇದು ಸುಡೂ ಕಟಗಿ ಅಲ್ಲ."

"ಆತು, ಕೊಡದ ಮ್ಯಾಲ ಒಂದ ತಾಟ."

ಆತ ತಲೆ ಕೆರೆದುಕೊಂಡು ಗಾಡಿ ಹೂಡಿದ. ಗೆದ್ದೆ ಎಂದುಕೊಂಡೆ. ನನ್ನ ಎದುರು ಬೆಲೆ ಏರಿಸಿದವಳು ನಾನೊಬ್ಬಳೇ ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು.

ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಿದಿರಿನ ನಡುವೆಯೇ ಅವರ ಬಾಳು. ಹಿತ್ತಲಿಗೆ ಬಂದು ರಾಶಿಯನ್ನು ಒಮ್ಮೆ ಸುತ್ತಿದರು.

"ಇದನ್ನ ಸೀಳಿ ಹಾಕಬೇಕ ನೋಡು. ಗೆಣ್ಣಿನ ನಡುವ ಗಾಳಿ ಸಿಕ್ಕೊಂಡಿರತೈತಿ. ಕಾದ್ರ ಸಿಡೀತೈತಿ."

"ಸೀಳೂರ ಯಾರು, ನೀವ?"

"ನನಗ ಟೊಂಕ ನೋಯ್ತೈತಿ."

"ಹಂಗಾರ ಸುಮ್ಮನಿರ್ರಿ."

ಅವರು ಸುಮ್ಮನಾದರು. ಅವರು ಸುಮ್ಮನಾಗುವುದೂ ಒಂದು ಉಳಿತಾಯ ಯೋಜನೆ. ಮುಂದೆ "ನಾ ಹೇಳಿದ್ದೆ" ಎನ್ನುವಾಗ ಬಡ್ಡಿ ಸಮೇತ ತೆಗೆಯುತ್ತಾರೆ.

ಕುಬುಸದ ದಿನ ಮಿರಿಮಿರಿ ಮಿಂಚುವ ಹೊಸ ಸೀರೆ ಉಟ್ಟೆ. ಪಾಲಿಸ್ಟರ್. ಬೀಗಿತ್ತಿ ಗಂಗವ್ವ ನೋಡಬೇಕಲ್ಲ! ಬಿದಿರು ಮೊದಮೊದಲು ಬಹಳ ಮರ್ಯಾದೆಯಿಂದ ಉರಿಯಿತು. ಹೊಗೆಯಿಲ್ಲ, ಊದುವುದು ಬೇಕಿಲ್ಲ, ಹುಗ್ಗಿ ತಕತಕ ಕುದಿಯಿತು. ಹಳಿಯಾಳದಿಂದ ಬೀಗರ ಟೆಂಪೋ ಬಂತು. ಶೈಲಾಳನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಹೆಂಗಸರು ಹಾಡು ಎತ್ತಿಕೊಂಡರು. ಉರಿ ಚೆನ್ನಾಗಿದೆ ಎಂಬ ಹುರುಪಿನಲ್ಲಿ ನಾನು ಸೀಳದ ಉದ್ದುದ್ದ ಗಳಗಳನ್ನೇ ಒಲೆಗೆ ತುರುಕಿ ಆರತಿಗೆ ಒಳಗೆ ಬಂದೆ.

ಢಂ ಎಂದಿತು.

"ಬೀಗರು ಪಟಾಕ್ಷಿ ತರಸ್ಯಾರ" ಎಂದು ಹಿರಿಯರೊಬ್ಬರು ತೃಪ್ತಿಯಿಂದ ತಲೆದೂಗಿದರು.

ಎರಡನೆಯ ಗೆಣ್ಣಿಗೆ ಅವರೂ ಎದ್ದು ನಿಂತರು. ನಾನು ಹಿತ್ತಲಿಗೆ ಓಡುವಷ್ಟರಲ್ಲಿ ಹುಗ್ಗಿಯ ಮುಚ್ಚಳ ಹಾರಿ ತೊಟ್ಟಿಗೆ ಬಿದ್ದಿತ್ತು. ಕಿಡಿಯೊಂದು ನನ್ನ ಸೆರಗಿಗೆ ಬಂದು ಕೂತು, ಅಂಗೈ ಅಗಲದ ಕಿಟಕಿ ತೆರೆಯಿತು. ಸೆರಗು ಕೊಡವಿ, ಸುರಕ್ಷತೆಗೆಂದು ಇಟ್ಟಿದ್ದ ಕೊಡದ ನೀರನ್ನು ಒಂದೇ ಸಲ ಒಲೆಗೆ ಸುರಿದೆ. ಯಾರಿಗೂ ನಾನು ಕೊಟ್ಟಿರದ ಸಲಹೆ ಎಂದರೆ ಇದೊಂದೇ: ಹಾಗೆ ಸುರಿಯಬೇಡಿ. ಬೂದಿ ಎದ್ದು ಹುಗ್ಗಿಯಲ್ಲಿ ಕೂತಿತು. ಹೊಗೆ ಎದ್ದು ಮನೆಯಲ್ಲಿ ಕೂತಿತು. ಮನೆಯಲ್ಲಿ ಕೂತಿದ್ದವರೆಲ್ಲ ಎದ್ದು ರಸ್ತೆಗೆ ಹೋದರು.

ಗಂಗವ್ವ ಮಾತ್ರ ಮೂಗಿಗೆ ಸೆರಗು ಹಿಡಿದು ನೇರ ಹಿತ್ತಲಿಗೆ ಬಂದರು.

"ಏನ ಸುಡಾಕತ್ತೀರಿ?"

"ಕಟಗಿರಿ, ಅಕ್ಕಾರ."

"ಯಾವ ಕಟಗಿ?"

ನಾನು ಒಲೆಗೆ ಅಡ್ಡ ನಿಂತೆ. ನೀರು ತಾಗದೆ ಉಳಿದಿದ್ದ ಗೆಣ್ಣೊಂದು ನನ್ನ ಬೆನ್ನ ಹಿಂದಿನಿಂದ ತಾನೇ ಉತ್ತರ ಕೊಟ್ಟಿತು.

ಗಂಗವ್ವ ನನ್ನನ್ನು ಸರಿಸಿ ನೋಡಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಬಿದಿರಂದ್ರ ವಂಶ ಅಂತಾರ. ಹಾಲುಂಡ ಮನ್ಯಾಗ ಅದನ್ನ ಒಲಿಗೆ ಹಾಕಂಗಿಲ್ಲ. ನೀವು ಬಸರಿ ಹುಡುಗಿ ಕುಬಸದ ಅಡಗೀನ ಅದರ ಮ್ಯಾಲ ಬೇಯಿಸೀರಿ."

ಯಜಮಾನರು ನನ್ನ ಸಹಾಯಕ್ಕೆ ಬಂದರು. ಬರಬಾರದಿತ್ತು. "ನಮ್ಮ ಕಾರ್ಖಾನ್ಯಾಗ ದಿನಾ ಬಿದಿರ ಕುದಸ್ತೇವ್ರಿ ಬೀಗರ. ನನಗೇನ ಮಕ್ಕಳಾಗಿಲ್ಲೇನು?"

"ಕುದಸೂದ ಬ್ಯಾರೆ, ಸುಡೂದ ಬ್ಯಾರೆ."

ಯಜಮಾನರು ಟೊಂಕ ಹಿಡಿದುಕೊಂಡು ಪಕ್ಕಕ್ಕೆ ಸರಿದರು.

"ಶೈಲಾನ್ನ ನಾ ಕರಕೊಂಡ ಹೋಗ್ತೇನಿ" ಎಂದರು ಗಂಗವ್ವ. "ಬಾಣಂತನ ಹಳಿಯಾಳದಾಗ ಆಗಲಿ. ಈ ಹೊಗ್ಯಾಗ, ಈ ಸಿಡಿತದಾಗ ಕೂಸಿನ್ನ ಹೆಂಗ ಬಿಡೂದ್ರಿ?"

ದೇವರಾಣೆ, ನನ್ನ ಕಿವಿಗೆ ಅದೂ ಮೊದಲ ಬೆಲೆಯ ಹಾಗೇ ಕೇಳಿಸಿತು.

"ಹೆರಿಗಿ ಆಗಿ ಮೂರ ತಿಂಗಳ ಬಿಡ್ರಿ."

"ಇಲ್ರಿ."

"ಒಂದ ತಿಂಗಳ?"

"ಇಲ್ಲ."

"ಬರೇ ಹೆರಿಗಿ ತನಕ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ."

ಗಂಗವ್ವ ಚಪ್ಪಲಿ ಮೆಟ್ಟಿದರು. ಗಿರಾಕಿ ಚಪ್ಪಲಿ ಮೆಟ್ಟಿದಾಗ ಕೂಗಿ ಕರೆಯಬಾರದು. ನಾಲ್ಕು ಹೆಜ್ಜೆ ಹೋಗಿ ತಾವೇ ತಿರುಗುತ್ತಾರೆ. ಇದು ನನ್ನ ಅನುಭವದ ಸಾರ. ನಾನು ಕಾದೆ. ಅವರು ತಿರುಗದೆ ಹೋಗಿ ಟೆಂಪೋ ಹತ್ತಿದರು. ಶೈಲಾಳ ಬಟ್ಟೆಯ ಚೀಲ ನನ್ನ ಕಣ್ಣೆದುರೇ ಹೋಗಿ ಟೆಂಪೋದಲ್ಲಿ ಕೂತಿತು.

ಶೈಲಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅವ್ವಾ, ನಾ ಏನ ತಾಟ ಅಲ್ಲ. ನನಗ ಇಲ್ಲೇ ಇರಬೇಕಾಗೇತಿ. ಅವರು ಹೇಳಿದ್ದಕ್ಕ ಹೂಂ ಅನ್ನು, ಸಾಕು."

ಅವಳ ಕಣ್ಣುಗಳು ಕೆಂಪಾಗಿದ್ದವು. ಹೊಗೆಯಿಂದ ಎಂದು ಹೇಳಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ತೂತು ಬಿದ್ದ ಸೆರಗಿನಲ್ಲೇ ರಸ್ತೆಗೆ ಹೋದೆ. ಟೆಂಪೋದ ಬದಿ ಹಿಡಿದುಕೊಂಡು, "ಅಕ್ಕಾರ, ನೀವು ಹೇಳಿದಂಗ ಆಗಲಿ. ಹುಡುಗೀನ್ನ ಮಾತ್ರ ಬಿಟ್ಟು ಹೋಗ್ರಿ" ಎಂದೆ. ಬೆಲೆ ಕೇಳದೆ ಒಪ್ಪಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಬಹಳ ಆಯಾಸದ ಕೆಲಸ.

ಗಂಗವ್ವ ನಿಧಾನವಾಗಿ ಇಳಿದರು.

"ಬಿಡ್ತೇನಿ. ಆದ್ರ ಬಾಣಂತನ ಮುಗಿಯೂತನಕ ನಾನೂ ಇಲ್ಲೇ ಇರಾಕಿ. ಒಲಿ ಮುಂದ ನಾನ ಕುಂಡ್ರಾಕಿ. ನೀವು ಮುಟ್ಟಂಗಿಲ್ಲ."

"ಹೂಂ" ಎಂದೆ.

ಹುಗ್ಗಿ ದನಕ್ಕೆ ಹೋಯಿತು. ಗಂಗವ್ವ ಒದ್ದೆ ಬೂದಿ ತೆಗೆಸಿ ಒಲೆ ಹೊಸದಾಗಿ ಹೂಡಿದರು. ಓಣಿಯ ಹೆಂಗಸರು ಸೆರಗಿನಲ್ಲಿ ಕಟ್ಟಿಗೆ ತಂದುಕೊಟ್ಟರು. ಒಣಗಿದ್ದು, ಹೆಬ್ಬೆರಳು ದಪ್ಪಕ್ಕೆ ಸೀಳಿದ್ದು. ಎಲ್ಲ ನನ್ನ ಶಿಷ್ಯೆಯರು! ಅವತ್ತು ಯಾರೊಬ್ಬರೂ ನನ್ನ ಮುಖ ನೋಡಲಿಲ್ಲ, ಅಷ್ಟು ಒಳ್ಳೆಯವರು. ಉರಿ ಹತ್ತಿದ ಮೇಲೆ ಯಜಮಾನರು ಹತ್ತಿರ ಬಂದು ಬಾಯಿ ತೆರೆದರು. "ಗೊತ್ತೈತಿ, ನೀವು ಹೇಳಿದ್ರಿ" ಎಂದೆ. ಅಷ್ಟು ದಿನದ ಬಡ್ಡಿ ಮುಳುಗಿದವರಂತೆ ಮುಖ ಮಾಡಿಕೊಂಡು ಹೋದರು.

ಅನ್ನ, ಸಾರು, ಬೆಲ್ಲದ ಪಾಯಸದಲ್ಲಿ ಊಟ ಮುಗಿದಾಗ ಸಂಜೆಯಾಗಿತ್ತು. ಶೈಲಾ ಎರಡು ಸಲ ಪಾಯಸ ಹಾಕಿಸಿಕೊಂಡಳು. ಆಕೆಯ ಮಾವನವರು ಟೆಂಪೋ ಹತ್ತುವ ಮುಂಚೆ ಹಿತ್ತಲಿಗೆ ಬಂದು, ಉಳಿದ ಬಿದಿರಿನ ರಾಶಿ ನೋಡುತ್ತ ನಿಂತರು.

"ಇದನ್ನೇನ ಮಾಡ್ತೀರಿ?"

"ಏನ ಮಾಡೂದ್ರಿ."

"ನಮ್ಮ ಹಿತ್ತಲಕ ಬೇಲಿ ಆಗಬೇಕಾಗಿತ್ತು."

ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಒಲೆಯ ಮುಂದಿನಿಂದ ಗಂಗವ್ವ ತಿರುಗಿ ನೋಡಿದರು. ಬಾಯಿ ಮುಚ್ಚಿಕೊಂಡು, ಒಂದೊಂದೇ ಗಳ ಹೊತ್ತು ತಂದು ನಾನೇ ಟೆಂಪೋಗೆ ಹೇರಿದೆ.

"ಕಟ್ಟಾಕ ಒಂದ ಹಗ್ಗ ಐತೇನ್ರಿ?" ಎಂದರು ಮಾವನವರು.

ಹಗ್ಗವನ್ನೂ ಕೊಟ್ಟೆ. ಹೊಸದು.