ನಾರ್ಮಲಣ್ಣನ ಗುಡ್ಡ ಜರುಗಿದ ದಿನ

ಹೊಸ ಯಂತ್ರ ಬಂದ ಮೊದಲ ದಿನವೇ ನಾರ್ಮಲಣ್ಣನ ಮರ್ಯಾದೆ ತೆಗೆಯಿತು.

ಅವನು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ರೋಗಿಯ ಗಂಟಿನಿಂದ ತೆಗೆದ ಜೀವಕೋಶಗಳಿಗೆ ಬಣ್ಣ ಹಾಕಿ, ಒಂದೊಂದರಲ್ಲೂ ಡಿಎನ್ಎ ಎಷ್ಟಿದೆ, ಎಷ್ಟು ಕೋಶಗಳು ಒಡೆದು ಎರಡಾಗಲು ಹೊರಟಿವೆ ಎಂದು ಯಂತ್ರದಲ್ಲಿ ಅಳೆಯುವುದು ಅವನ ಕೆಲಸ. ಯಂತ್ರ ಪರದೆಯ ಮೇಲೆ ಒಂದು ಗುಡ್ಡ ಬರೆಯುತ್ತದೆ; ಡಿಎನ್ಎ ಹೆಚ್ಚಿದ್ದಷ್ಟೂ ಅದು ಬಲಕ್ಕೆ. ಆರೋಗ್ಯವಂತರ ಗುಡ್ಡ ಇರುವಲ್ಲೇ ರೋಗಿಯದೂ ಇದ್ದರೆ ನಿರಾಳ, ಪಕ್ಕಕ್ಕೆ ಜರುಗಿದ್ದರೆ ಅನುಮಾನ. ಹೋಲಿಸಿ ನೋಡಲು ದಿನಾ ಬೆಳಿಗ್ಗೆ ಒಬ್ಬ ಆರೋಗ್ಯವಂತನ ರಕ್ತ ಬೇಕಲ್ಲ? ಎಲ್ಲರೂ ಸೇರಿ ಇವನ ತೋಳು ಹಿಡಿದರು, ನಾರ್ಮಲಣ್ಣ ಎಂದು ಹೆಸರಿಟ್ಟರು. ವರ್ಷಗಟ್ಟಲೆ ಚುಚ್ಚಿಸಿಕೊಂಡು ತೋಳು ಜರಡಿಯಾಗಿದ್ದರೂ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವತ್ತು ಮೇಲಿನ ವಾರ್ಡಿನಿಂದ ಐದು ಸ್ಯಾಂಪಲ್ ಬಂದಿದ್ದವು. ಐದರ ಗುಡ್ಡವೂ ಇವನ ಗುಡ್ಡಕ್ಕಿಂತ ಕೂದಲೆಳೆಯಷ್ಟು ಬಲಕ್ಕೆ ನಿಂತಿತು.

"ಐದು ಜನಕ್ಕೂ ಒಂದೇ ಥರ ಹೇಗಪ್ಪ ಕೆಡತ್ತೆ?" ಎಂದರು ನಿವೃತ್ತಿಯ ಅಂಚಿನಲ್ಲಿದ್ದ ಡಾಕ್ಟರಮ್ಮ. "ಜರುಗಿರೋದು ನಿಂದೇ ಇರ್ಬೇಕು."

"ನಂದಾ? ಮೇಡಂ, ನಾನು ನಾರ್ಮಲ್! ಹೆಸರಿಟ್ಟೋರೇ ನೀವು!"

ಡಾಕ್ಟರಮ್ಮ ತಮ್ಮ ರಕ್ತವನ್ನೇ ಹಾಕಿ ನೋಡಿದರು. ಅದು ಹೋಗಿ ಆ ಐದರ ಪಕ್ಕ ನಿಂತಿತು. ರಿಸೆಪ್ಷನ್ನಿನ ಅಕ್ಕನದೂ ಅಲ್ಲಿಗೇ ಹೋಯಿತು. ಏಳು ಜನ ಒಂದು ಕಡೆ, ನಾರ್ಮಲಣ್ಣ ಒಬ್ಬನೇ ಇನ್ನೊಂದು ಕಡೆ.

"ಗಾಬರಿ ಆಗ್ಬೇಡ. ಇನ್ನೊಂದೆರಡು ಟೆಸ್ಟ್ ಮಾಡೋಣ," ಎಂದರು ಡಾಕ್ಟರಮ್ಮ. ಡಾಕ್ಟರು ಹೀಗೆಂದ ಮೇಲೂ ಗಾಬರಿಯಾಗದವರು ಎಲ್ಲಾದರೂ ಇದ್ದಾರೆಯೇ? ಇನ್ನೆಷ್ಟು ದಿನವೋ, ಹೆಂಡತಿಗೆ ಹೇಗೆ ಹೇಳುವುದೋ ಎಂದುಕೊಳ್ಳುತ್ತಾ ನಾರ್ಮಲಣ್ಣ ಕ್ಯಾಂಟೀನಿನ ಕಡೆ ನಡೆದ.

ಸುದ್ದಿ ಅವನಿಗಿಂತ ಮೊದಲೇ ಕ್ಯಾಂಟೀನ್ ತಲುಪಿತ್ತು. ಹೋದ ವಾರ ಇವನ ಜೊತೆ ಜಗಳವಾಡಿದ್ದ ಲಿಫ್ಟಿನವನು ಕಣ್ಣು ತುಂಬಿಕೊಂಡು ತನ್ನ ಸ್ಟೂಲು ಬಿಟ್ಟುಕೊಟ್ಟ. ಲ್ಯಾಬಿನವರೆಗೂ ಜೊತೆಗೆ ಬಂದ ಹೆಡ್ ಕ್ಲರ್ಕಂತೂ ಬೆನ್ನು ತಟ್ಟುತ್ತಲೇ ಕಿಟಕಿ ಪಕ್ಕದ ಇವನ ಕುರ್ಚಿಯಲ್ಲಿ ಆಸೀನನಾದ.

"ಕಿಟಕಿ ಗಾಳಿ ನಿನ್ ಮೈಗೆ ಒಳ್ಳೇದಲ್ಲ ಕಣೋ. ಇನ್ಮೇಲೆ ಇಲ್ಲಿ ನಾನು ಕೂರ್ತೀನಿ. ನಿನ್ ಹೆಂಡ್ತಿಗೂ ಫೋನ್ ಮಾಡಿ, ಮನಸ್ಸು ಗಟ್ಟಿ ಮಾಡ್ಕೋ ತಂಗಿ ಅಂತ ಹೇಳಿದ್ದೀನಿ."

ಇದು ನ್ಯಾಯವೇ? ಮನುಷ್ಯ ಇನ್ನೂ ಎರಡು ಕಾಲ ಮೇಲೆ ನಿಂತಿದ್ದಾನೆ, ಅಷ್ಟರಲ್ಲೇ ಅವನ ಕುರ್ಚಿ ಹಂಚಿಕೆಯಾಗಿದೆ! ನಾರ್ಮಲಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

"ಯಾರ್ರೀ ನಿಮಗೆ ಫೋನ್ ಮಾಡೋಕೆ ಹೇಳಿದ್ದು? ನನ್ನ ಕುರ್ಚಿ ಬೇಕಾ? ಮೊದಲು ನಿಮ್ ರಕ್ತ ಕೊಡಿ, ನೋಡೇಬಿಡೋಣ!"

"ತಗೋ. ನಾನು ಕಲ್ಲುಗುಂಡು ಇದ್ದಂಗಿದ್ದೀನಿ," ಎಂದು ಹೆಡ್ ಕ್ಲರ್ಕ್ ಅಂಗಿಯ ತೋಳು ಮಡಚಿದ.

ಕಲ್ಲುಗುಂಡಿನ ಗುಡ್ಡ ನೆಟ್ಟಗೆ ಬಂದು ನಾರ್ಮಲಣ್ಣನ ಗುಡ್ಡದ ಮೇಲೇ ಕೂತಿತು. ಹೆಡ್ ಕ್ಲರ್ಕ್ ಕುರ್ಚಿಯಿಂದ ಚಂಗನೆ ಎದ್ದ.

"ಅಯ್ಯಯ್ಯೋ! ಅಂಟಿಸಿಬಿಟ್ಟನಲ್ಲಪ್ಪ! ಇವನ ಕುರ್ಚೀಲಿ ಕೂತೆನಲ್ಲ, ನನ್ ಬುದ್ಧಿಗಿಷ್ಟು!"

ಬಾಗಿಲಲ್ಲಿ ಇಣುಕುತ್ತಿದ್ದ ಲಿಫ್ಟಿನವನು ಸ್ಟೂಲು ತೊಳೆಯಲು ಓಡಿದ. ಡಾಕ್ಟರಮ್ಮ ಮಾತ್ರ ಆ ಇಬ್ಬರು ಗಂಡಸರನ್ನು ನೋಡಿದರು, ರಿಸೆಪ್ಷನ್ನಿನ ಅಕ್ಕನನ್ನು ನೋಡಿದರು, ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು.

"ಇವತ್ತು ಬಂದಿರೋ ಐದೂ ಹೆಂಗಸರ ವಾರ್ಡಿಂದು ಕಣ್ರಯ್ಯ! ನಾವಿಬ್ಬರೂ ಹೆಂಗಸರೇ. ಗಂಡಸರ ಕೋಶದಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಬದಲು ಗಿಡ್ಡ ವೈ ಇರತ್ತೆ, ಅದಕ್ಕೇ ಡಿಎನ್ಎ ಒಂಚೂರು ಕಮ್ಮಿ. ಹಳೇ ಯಂತ್ರದ ಕಣ್ಣಿಗೆ ಇಷ್ಟು ಸೂಕ್ಷ್ಮ ಕಾಣ್ತಿರಲಿಲ್ಲ. ಆ ಐದು ಜನದ್ದೂ ಈ ಟೆಸ್ಟ್ ಮಟ್ಟಿಗೆ ಸರಿಯಾಗೇ ಇದೆ, ನಿಂದೂ ಸರಿಯಾಗಿದೆ."

"ಇದಕ್ಕಾ ಬೆಳಿಗ್ಗೆಯಿಂದ ನನ್ನ ಹೂತುಹಾಕಿದ್ದು?" ನಾರ್ಮಲಣ್ಣನ ಕೂಗಿಗೆ ಸೀಸೆಗಳು ನಡುಗಿದವು.

ಅಷ್ಟರಲ್ಲಿ ಅವನ ಹೆಂಡತಿ ಅಳುತ್ತಾ ಒಳನುಗ್ಗಿದಳು. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಗಂಡನದು. ಅದನ್ನು ಕಂಡು ನಾರ್ಮಲಣ್ಣನ ಸಿಟ್ಟೆಲ್ಲ ಕರಗಿತು.

"ಏನೂ ಆಗಿಲ್ಲಮ್ಮ," ಡಾಕ್ಟರಮ್ಮ ಅವಳ ಭುಜ ಸವರಿದರು. "ಗಂಡಸಲ್ವಾ, ಹೆಂಗಸರಿಗಿಂತ ಸ್ವಲ್ಪ ಕಮ್ಮಿ ಬಂದಿದೆ, ಅಷ್ಟೇ."

ಅವಳು ಕಣ್ಣೊರೆಸಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ಕಮ್ಮಿ?"

"ನೂರಕ್ಕೆ ಎರಡು ಪಾಲು ಇರಬಹುದು."

"ಎರಡೇನಾ?" ಅಳು ಪೂರ್ತಿ ನಿಂತಿತ್ತು. "ಇಷ್ಟು ವರ್ಷ ಸಂಸಾರ ಮಾಡಿರೋಳು ನಾನು. ಯಂತ್ರ ಹೊಸದು ಅಂತೀರಿ. ಇನ್ನೊಂದ್ಸಲ ನೋಡಿಬಿಡಿ ಡಾಕ್ಟ್ರೇ."

ಯಂತ್ರ ಹೊಸದೆಂಬ ಮಾತು ಡಾಕ್ಟರಮ್ಮನಿಗೂ ಸರಿಯೆನಿಸಿತು. ಅವರು ಸಿರಿಂಜ್ ಎತ್ತಿಕೊಂಡರು. ನಾರ್ಮಲಣ್ಣನ ತೋಳು ಹಿಡಿಯಲು ಹೆಂಡತಿಯೇ ಮುಂದೆ ಬಂದಳು.